ಸುಮ್ಮನಿದ್ದ ಅಣಬೆ ಚೀಲ

ನೀಲವ್ವ ಮನೆಯ ಹಿಂದಿನ ಕೋಣೆಯಲ್ಲಿ ಹುಲ್ಲು ತುಂಬಿದ ಹತ್ತು ಚೀಲಗಳನ್ನು ತೂಗುಹಾಕಿ ಚಿಪ್ಪು ಅಣಬೆ ಬೆಳೆಸುತ್ತಿದ್ದಳು. ದಿನಾ ಬೆಳಿಗ್ಗೆ ನೀರು ಚಿಮುಕಿಸುವಾಗ, "ಎಲ್ಲರೂ ಸೌಖ್ಯವೇ?" ಎಂದು ಬಾಗಿಲ ಬಳಿಯ ಚೀಲವನ್ನು ಕೇಳುವಳು. ಎಲ್ಲರ ಪರವಾಗಿ ಆ ಚೀಲವೇ ಉತ್ತರ ಕೊಡುವುದು ರೂಢಿ.

ಒಂದು ದಿನ ಪಕ್ಕದ ಚೀಲ ಮೆಲ್ಲಗೆ ಹೇಳಿತು: "ಗೆಳತಿ, ಗೋಡೆಗೆ ತಿರುಗಿದ ನನ್ನ ಬೆನ್ನಿಗೆ ಹಸಿರು ಬೂಷ್ಟು ಹಿಡಿದಿದೆ. ನೀಲವ್ವನಿಗೆ ತಿಳಿದರೆ ಇವತ್ತೇ ನನ್ನನ್ನು ಹೊರಗೆಸೆಯುತ್ತಾಳೆ. ನಾಲ್ಕು ದಿನ ಸುಮ್ಮನಿರು, ನಾನೇ ವಾಸಿಮಾಡಿಕೊಳ್ಳುತ್ತೇನೆ."

ಬಾಗಿಲ ಬಳಿಯ ಚೀಲಕ್ಕೆ ಕರುಳು ಚುರ್ರೆಂದಿತು. ಎರಡಕ್ಕೂ ನೀಲವ್ವ ಒಂದೇ ಗಳಿಗೆಯಲ್ಲಿ ಅಣಬೆ ಬೀಜ ತುಂಬಿದ್ದಳು. ಅವಳು ಕೇಳಿದಾಗ ಅದು, "ಎಲ್ಲರೂ ಸೌಖ್ಯ" ಎಂದಿತು. ಮರುದಿನವೂ ಹಾಗೆಯೇ ಎಂದಿತು. ಮೂರನೆಯ ದಿನ ಬಾಗಿಲ ಬಳಿಯ ಚೀಲದ ಮೈಮೇಲೆ ಅಣಬೆಯ ಮೊಗ್ಗುಗಳು ಮೂಡಿದವು. ನೀಲವ್ವನ ಮುಖ ಅರಳಿದ್ದು ಕಂಡ ಮೇಲೆ ನಿಜ ಹೇಳುವುದು ಇನ್ನೂ ಕಷ್ಟವಾಯಿತು.

ಐದನೆಯ ದಿನ ಕೋಣೆಯ ತುಂಬ ಹಸಿರು ಪುಡಿ ಹಾರಾಡುತ್ತಿತ್ತು. ಹತ್ತೂ ಚೀಲಗಳಿಗೆ ಬೂಷ್ಟು ತಗಲಿತ್ತು. ನೀಲವ್ವ ಮೂಗಿಗೆ ಸೆರಗು ಕಟ್ಟಿಕೊಂಡು, ಒಂದೊಂದನ್ನೇ ಬಿಚ್ಚಿ ಹಿತ್ತಲ ಗುಂಡಿಗೆ ಹಾಕಿದಳು.

ಗುಂಡಿಯಲ್ಲಿ ಪಕ್ಕದ ಚೀಲ ಕೇಳಿತು: "ನಾನು ಹೆದರಿ ಏನೋ ಬೇಡಿಕೊಂಡೆ. ನಿನ್ನ ಬುದ್ಧಿ ನೆಟ್ಟಗಿತ್ತಲ್ಲ, ನೀನೇಕೆ ಒಪ್ಪಿದೆ?"

ಬಾಗಿಲ ಬಳಿಯ ಚೀಲ ಉತ್ತರ ಹುಡುಕುತ್ತಿರುವಾಗಲೇ ಮೇಲಿನಿಂದ ಮೊದಲ ಬುಟ್ಟಿ ಮಣ್ಣು ಬಿತ್ತು.