ಗುರುಗಳ ತೋಳಿಗೆ ಕಟ್ಟಿದ ಪಟ್ಟಿ

ಈ ಕಥೆಯನ್ನು ನನಗಿಂತ ಚೆನ್ನಾಗಿ ಹೇಳುವವರಿದ್ದಾರೆ. ನನಗೆ ಬರೆದು ಅಭ್ಯಾಸವಿಲ್ಲ. ಬಿಡಿಸಿ ಹೇಳದಿದ್ದರೆ ಓದುವವರಿಗೆ ತಿಳಿಯದೇ ಹೋದೀತೆಂಬ ಅಂಜಿಕೆ ಬೇರೆ. ಮನ್ನಿಸಿ.

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಗುರುಗಳು ಶಂಭುದೇವರು; ಎಲ್ಲರೂ ಅವರನ್ನು ಗೌರವದಿಂದ 'ಬುದ್ಧಿ' ಎನ್ನುತ್ತಿದ್ದರು. ಶಿಷ್ಯ ಕಲ್ಲೇಶ.

ಆಗಾಗ ಬರುತ್ತಿದ್ದ ನರ್ಸಮ್ಮ ಬಿ.ಪಿ. ನೋಡುವ ಮಿಷನ್ನೊಂದನ್ನು ಆಶ್ರಮಕ್ಕೆ ಕೊಟ್ಟು, ನೋಡುವುದನ್ನು ಕಲ್ಲೇಶನಿಗೆ ಕಲಿಸಿದ್ದರು. ತೋಳಿಗೆ ಪಟ್ಟಿ ಕಟ್ಟಬೇಕು, ಗುಂಡಿ ಒತ್ತಬೇಕು. ಎರಡು ಅಂಕಿ ಬರುತ್ತವೆ. ಮೇಲಿನದು ಹೃದಯ ರಕ್ತವನ್ನು ದೂಡುವಾಗಿನ ಒತ್ತಡ. ಕೆಳಗಿನದು ಎರಡು ಬಡಿತಗಳ ನಡುವೆ ಅದು ಬಿಡುವು ಪಡೆದಾಗಿನದು. ಒತ್ತಡವೆಂದರೆ ರಕ್ತನಾಳದ ಗೋಡೆಯನ್ನು ರಕ್ತ ಒತ್ತುವ ಬಲ, ಅಷ್ಟೇ. ಇದು ಮುಂದೆ ಬೇಕಾಗುತ್ತದೆ, ಅದಕ್ಕೇ ಹೇಳಿದೆ.

ಒಂದು ದಿನ ಬಿ.ಪಿ. ನೋಡಿಸಿಕೊಳ್ಳಲು ಕೂತ ಭಕ್ತರ ಸಾಲಿನ ಕೊನೆಯಲ್ಲಿ ಗುರುಗಳೂ ಬಂದು ಕೂತು ತೋಳು ಚಾಚಿದರು.

ಅಂಕಿ ತೀರ ಹೆಚ್ಚಿತ್ತು. ಕಲ್ಲೇಶ ಪಟ್ಟಿ ಬಿಚ್ಚಿ ಮತ್ತೆ ಕಟ್ಟಿದ. ಮತ್ತೂ ಅಷ್ಟೇ.

ಬಿ.ಪಿ. ಕೋಪಿಷ್ಠರಿಗೆ ಬರುವ ಕಾಯಿಲೆ ಎಂದು ಅವನು ಕೇಳಿ ಬೆಳೆದಿದ್ದ. ಗುರುಗಳು ದನಿ ಏರಿಸಿದ್ದನ್ನು ಕಂಡವರೇ ಇಲ್ಲ. ಹಾಗಾದರೆ ಮಿಷನ್ನೇ ಕೆಟ್ಟಿರಬೇಕು. ಅಲ್ಲದೆ ಇಷ್ಟು ಜನರ ಎದುರು ಆ ಅಂಕಿ ಹೇಳಿದರೆ ಗುರುಗಳ ಮರ್ಯಾದೆ ಏನಾದೀತು?

"ಎಷ್ಟಪ್ಪ?" ಎಂದರು ಗುರುಗಳು.

"ಬುದ್ಧಿ, ನಿಮ್ಮ ಬಿ.ಪಿ. ಎಳೆ ಹುಡುಗರಿಗಿದ್ದ ಹಾಗಿದೆ."

ಭಕ್ತರು ಕೈ ಮುಗಿದರು. ಒಬ್ಬ ಮುದುಕ, "ಬುದ್ಧಿಯೋರು ನಮ್ಮನೇಲಿ ಒಂದಿನ ಇದ್ದು ನೋಡ್ಲಿ, ಮಿಷನ್ನೇ ಒಡ್ದೋಯ್ತದೆ" ಎಂದ. ಎಲ್ಲರೂ ನಕ್ಕರು. ಗುರುಗಳೂ ನಕ್ಕರು.

ಆ ಚಳಿಗಾಲ ಕಳೆಯುವುದರೊಳಗೆ, ಊಟಕ್ಕೆ ಕೂತ ಗುರುಗಳ ಕೈಯಿಂದ ತುತ್ತು ಜಾರಿತು. ಲಕ್ವ ಹೊಡೆದಿತ್ತು. ಆಸ್ಪತ್ರೆಯಿಂದ ಬಂದ ಮೇಲೂ ಬಲಗೈ ಏಳಲಿಲ್ಲ.

ಅಂದಿನಿಂದ ಕಲ್ಲೇಶ ಮಿಷನ್ನು ಮುಟ್ಟಲಿಲ್ಲ. ಗುರುಗಳಿಗೆ ಅನ್ನ ಕಲಸಿ ಕೊಡುವಾಗ ಅವರ ಮುಖ ನೋಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ತಡೆಯಲಾಗಲಿಲ್ಲ.

"ಬುದ್ಧಿ, ಅವತ್ತು ನಾನು ಸುಳ್ಳು ಹೇಳಿದೆ."

"ಯಾಕೆ?"

"ನಿಮ್ಮಂಥ ಶಾಂತರಿಗೆ ಅದು ಹೇಗೆ ಬಂದೀತು ಅಂದುಕೊಂಡೆ. ನಿಜ ಹೇಳಿದ್ರೆ ಮಾತ್ರೆ ತಗೊಳ್ತಿದ್ರಿ. ಈ ಕೈ ಉಳೀತಿತ್ತು."

ಗುರುಗಳು ಅವನನ್ನು ಕರೆದುಕೊಂಡು, ಕೋಲೂರಿಕೊಂಡು ತೋಟದ ಕಡೆ ನಡೆದರು. ಅಲ್ಲಿ ಬಾವಿಗೆ ಪಂಪು, ಪಂಪಿಗೆ ಹಳೆಯದೊಂದು ರಬ್ಬರ್ ಪೈಪು.

"ಪಂಪು ಹಾಕು. ಪೈಪಿನ ಬಾಯಿ ಹೆಬ್ಬೆರಳಲ್ಲಿ ಒತ್ತು."

ನೀರು ಚಿಮ್ಮಿ ದೂರದ ಬಾಳೆಗಿಡಕ್ಕೆ ಬಿತ್ತು.

"ಇನ್ನೂ ಒತ್ತು."

ಕಲ್ಲೇಶ ಒತ್ತಿದ. ಅವನ ಹಿಂದೆ ಪೈಪು ಸದ್ದಿಲ್ಲದೆ ಉಬ್ಬಿತು; ಉಬ್ಬಿದಲ್ಲೇ ಸೀಳಿತು. ಅವನು ಪೂರ್ತಿ ನೆನೆದ. ಬಾಳೆಗೆ ಹೋಗುತ್ತಿದ್ದ ನೀರು ನಿಂತಿತು.

"ಪೈಪಿಗೆ ಕೋಪ ಬಂದಿತ್ತೇನೋ?"

"ಇಲ್ಲ ಬುದ್ಧಿ."

"ಒಡೆಯೋ ಮುಂಚೆ ನಿನ್ನ ಕೂಗಿತೇ?"

"ಇಲ್ಲ."

ಕಲ್ಲೇಶ ಸೀಳಿದ ಜಾಗವನ್ನು ಮುಟ್ಟಿ ನೋಡಿದ. "ಕೂಗಬೇಕಾಗಿದ್ದವನು ನಾನು" ಎಂದ.

ಗುರುಗಳು ಎಡಗೈಯಿಂದ ಬಾವಿ ತೋರಿಸಿದರು. "ನೋಡು, ನೀರು ಇಲ್ಲಿಂದ ಏಳುತ್ತೆ, ಗಿಡಕ್ಕೆ ಹೋಗುತ್ತೆ, ಮಿಕ್ಕಿದ್ದು ಇಂಗಿ ಇಲ್ಲಿಗೇ ಬರುತ್ತೆ. ರಕ್ತವೂ ಹಾಗೇ. ಎದೆಯಿಂದ ಹೊರಟು ಕಾಲ್ಬೆರಳಿನ ತನಕ ಹೋಗಿ ಎದೆಗೇ ಮರಳುತ್ತೆ."

ಹೋಲಿಕೆ ಪೂರ್ತಿ ಸರಿಯಲ್ಲ. ನೀರು ಮಣ್ಣಿಗಿಳಿದ ಹಾಗೆ ರಕ್ತ ನಾಳ ಬಿಟ್ಟು ಹೊರಗೆ ಹರಿಯುವುದಿಲ್ಲ. ಆದರೆ ಗುರುಗಳು ಹೇಳಿದ್ದು ಹೀಗೆ.

"ಮರಳಿದ್ದು ಸುಮ್ಮನಿರಲ್ಲ. ಶ್ವಾಸಕೋಶಕ್ಕೆ ಹೋಗಿ, ಉಸಿರು ತುಂಬಿಕೊಂಡು, ಮತ್ತೆ ಎದೆಯ ಎಡಕ್ಕೆ ಬಂದು..."

"ಬುದ್ಧೀ!" ಅಡುಗೆಯ ಪುಟ್ಟತಾಯಮ್ಮ ಜಗಲಿಯಿಂದ ಕೂಗಿದಳು. "ನರ್ಸಮ್ಮ ಬಂದವ್ರೆ! ಬೇಗ ಬರ್ಬೇಕಂತೆ, ಬಸ್ಸು ಹೊರಟ್ಬುಡ್ತದಂತೆ! ಜನಾನೂ ಕಾಯ್ತಾವ್ರೆ!"

ಗುರುಗಳು ಹೇಳುತ್ತಿದ್ದುದನ್ನು ಅಲ್ಲಿಗೇ ಬಿಟ್ಟು, ಕಲ್ಲೇಶನ ಒದ್ದೆ ಭುಜ ಹಿಡಿದುಕೊಂಡರು.

"ಉಳಿದದ್ದು ಆಮೇಲೆ. ನಡಿ, ನನ್ನ ತೋಳಿಗೆ ಪಟ್ಟಿ ನೀನೇ ಕಟ್ಟು. ಎಷ್ಟಿದೆಯೋ ಅಷ್ಟು ಹೇಳು, ಎಲ್ಲರಿಗೂ ಕೇಳೋ ಹಾಗೆ."