ಫಕೀರವ್ವ ಬಂಗಲೆ ಹಿಡಿದದ್ದು

ಬಹಳ ಬಹಳ ಹಿಂದೆ, ಎರೆ ನೆಲದ ಸೀಮೆಯಲ್ಲಿ ಒಂದೂರಿತ್ತಂತೆ. ಎಷ್ಟು ಹಿಂದೆ ಎಂದರೆ ಯಾರೂ ಸರಿಯಾಗಿ ಹೇಳುವುದಿಲ್ಲ. ನಮಗೆ ಹೇಳಿದ ಅಜ್ಜಿಗೆ ಅವಳ ಅಜ್ಜಿ ಹೇಳಿದ್ದಳು, ಅಷ್ಟೇ ಗೊತ್ತು. ಆ ಊರಲ್ಲಿ ಫಕೀರವ್ವ ಎಂಬ ಸೂಲಗಿತ್ತಿ ಇದ್ದಳಂತೆ. ಸೂಲಗಿತ್ತಿ ಎಂದರೆ ಹೆರಿಗೆ ಮಾಡಿಸುವವಳು. ಇದು ನಿಮಗೆ ಗೊತ್ತಿರುವುದೇ, ಆದರೂ ಹೇಳುತ್ತೇನೆ, ಯಾಕೆಂದರೆ ಆಗ ದವಾಖಾನೆ ಇರಲಿಲ್ಲ, ಊರಲ್ಲಿ ಹುಟ್ಟಿದವರೆಲ್ಲ ಅವಳ ಕೈಗೇ ಹುಟ್ಟಬೇಕಿತ್ತು. ಹೊಟ್ಟೆಯಲ್ಲಿ ಅಡ್ಡ ಮಲಗಿದ ಕೂಸು ಅವಳು ಒಮ್ಮೆ ಗದರಿದರೆ ತಾನೇ ತಿರುಗುತ್ತಿತ್ತಂತೆ. ಅವಳ ಹೆಜ್ಜೆಯ ಸಪ್ಪಳ ಕೇಳಿದರೇ ಅರ್ಧ ನೋವು ಇಳಿಯುತ್ತಿತ್ತಂತೆ.

ಆದರೆ ಒಂದಕ್ಕೆ ಮಾತ್ರ ಅವಳ ಕೈ ಸೋತಿತ್ತು, ಬಾಣಂತಿ ಸನ್ನಿಗೆ. ಹೆತ್ತ ಕೆಲವೇ ದಿನಗಳಲ್ಲಿ ಮೈ ಕಾದು, ಬಡಬಡಿಸಿ ಸಾಯುವ ಜ್ವರಕ್ಕೆ ಸನ್ನಿ ಎನ್ನುತ್ತಾರೆ. ಆ ಊರಲ್ಲಿ ಹೆರಿಗೆ ಆಗುತ್ತಿದ್ದದ್ದು ದನ ಕಟ್ಟುವ ಮೂಲೆಯಲ್ಲಿ. ಹೆರಿಗೆ ಎಂದರೆ ಪುರುಡು, ಪುರುಡು ಎಂದರೆ ಮೈಲಿಗೆ, ಮೈಲಿಗೆಯವಳು ದೇವರ ಗೋಡೆಗೆ ತಾಗಬಾರದು ಎಂದು ಅಲ್ಲಿ ಮಲಗಿಸುತ್ತಿದ್ದರು. ಮಳೆಗಾಲದಲ್ಲಿ ಎರೆಮಣ್ಣು ಒಳಗೂ ಒಸರುತ್ತಿತ್ತು. ಗಂಜಲ, ಕೆಸರು, ಸೊಳ್ಳೆ. ಹೊರಗೆ ಹೋಗೋಣ ಎಂದರೆ ಚಕ್ಕಡಿಯ ಗಾಲಿ ಅಚ್ಚಿನವರೆಗೆ ಹೂತುಹೋಗುತ್ತಿತ್ತು. ಫಕೀರವ್ವನ ಹಿರಿಯ ಮಗಳು ಹಾಗೆಯೇ ಸತ್ತಳು, ತಾಯಿಯ ತೊಡೆಯ ಮೇಲೆ. ಈಗ ಕಿರಿಯವಳು, ಕಾಶವ್ವ, ದಿನ ತುಂಬಿದ ಬಸುರಿ. ಮತ್ತೆ ಅದೇ ಮಳೆಗಾಲ.

ಊರ ಹೊರಗಿನ ದಿಬ್ಬದ ಮೇಲೆ ಒಂದು ಸರ್ಕಾರಿ ಬಂಗಲೆ ಇತ್ತಂತೆ. ಕಲ್ಲು ಹಾಸಿದ ನೆಲ, ಸೋರದ ಮಾಡು. ಕಂದಾಯ ನೋಡಲು ಬರುವ ಮಾಮಲೇದಾರ, ಅಂದರೆ ತಾಲ್ಲೂಕಿನ ಸಾಹೇಬ, ಉಳಿಯಲಿ ಎಂದು ಕಟ್ಟಿಸಿದ್ದು. ಅವನು ಬಂದಾಗ ತೆರೆಯುತ್ತಿತ್ತು, ಉಳಿದಂತೆ ಬೀಗ.

ಫಕೀರವ್ವ ಕೆಸರು ತುಳಿದು ತಾಲ್ಲೂಕಿನ ಕಚೇರಿಗೆ ಹೋದಳಂತೆ. ನಮ್ಮೂರಿಗೆ ಹಡೆಯಲು ಒಂದು ಒಣ ಕೋಣೆ ಬೇಕು, ಸರ್ಕಾರ ಹಣದ ಮಂಜೂರಿ ಕೊಡಲಿ ಎಂದು ಕೇಳಿದಳಂತೆ. ಮಾಮಲೇದಾರ ಮಡಿವಂತ, ತನ್ನ ತಂಬಿಗೆಯ ನೀರನ್ನಷ್ಟೇ ಕುಡಿಯುವವನು.

"ಕೆರಿ ಹೂಳಿಗೆ ಮಂಜೂರಿ ಅದ, ನಿಮ್ಮೂರ ಬಂಗಲಿ ಸುಣ್ಣಕ್ಕ ವರ್ಷಾ ಅದ, ನನ್ನ ಕುದುರಿ ಲಾಯಕ್ಕೂ ಅದ. ಹಡಿಯೋದಕ್ಕ ಮಂಜೂರಿ ಅಂತ ಸರ್ಕಾರದಾಗ ಇಲ್ಲ ಮುದುಕಿ," ಎಂದ.

"ನಿಮ್ಮ ಕುದುರಿ ಎಲ್ಲಿ ಹಡೀತೈತ್ರಿ?"

"ಲಾಯದಾಗ. ಕಲ್ಲು ಹಾಸಿಸೀನಿ."

"ಹಂಗಾರ ನಮ್ಮ ಹೆಣ್ಮಕ್ಕಳನ್ನೂ ಕುದುರಿ ಅಂತ ಬರಕೋರಿ, ಸಾಹೇಬ್ರ."

ಕಚೇರಿಯಲ್ಲಿದ್ದ ಗುಮಾಸ್ತರು ನಗು ತಡೆಯಲಾರದೆ ಕೆಮ್ಮಿದರಂತೆ. ಸಾಹೇಬ ಅವಳನ್ನು ಹೊರಗೆ ಹಾಕಿಸಿದ.

ದಾರಿಯುದ್ದಕ್ಕೂ ಅವಳ ಕಿವಿಯಲ್ಲಿ ಅವನ ಒಂದೇ ಮಾತು ಕೂತಿತ್ತಂತೆ. ನಮ್ಮೂರಿಗೆ ಮಂಜೂರಿ ಬರುತ್ತದೆ. ವರ್ಷವೂ ಬರುತ್ತದೆ. ಬಂದು ಒಂದು ಖಾಲಿ ಮನೆಯ ಗೋಡೆಗೆ ಬಳಿದುಕೊಂಡು ಹೋಗುತ್ತದೆ. ಹಾಗಾದರೆ ಬೇಡುವುದೇನು ಉಳಿಯಿತು?

ಮಳೆ ಹಿಡಿದ ದಿನವೇ ಕಾಶವ್ವನಿಗೆ ನೋವು ಶುರುವಾಯಿತು. ಬಂಗಲೆಯ ಬೀಗದ ಕೈ ಇದ್ದದ್ದು ತಳವಾರ ಭರಮಪ್ಪನ ಬಳಿ. ತಳವಾರ ಎಂದರೆ ಊರು ಕಾಯುವವನು. "ಯವ್ವಾ, ಕೀಲಿ ಕೊಟ್ರ ನನ್ನ ನೌಕರಿ ಹೋಗತೈತಿ," ಎಂದು ಅತ್ತನಂತೆ. "ಕೊಡಬ್ಯಾಡೋ ತಮ್ಮಾ, ನಿನ್ನ ಕೀಲಿ ನಿನ್ನ ಉಡದಾರದಾಗ ಇರಲಿ," ಎಂದಳಂತೆ ಅವಳು. ಅವಳು ಕೂಗಿದ ಕೂಗಿಗೆ ಬೀಗ ತಾನಾಗಿ ಬಿಚ್ಚಿಕೊಂಡಿತು ಎಂದು ಹೇಳುವವರಿದ್ದಾರೆ. ರುಬ್ಬುಗುಂಡಿನಿಂದ ಕುಟ್ಟಿ ಒಡೆದಳು ಎಂದು ಹೇಳುವವರೂ ಇದ್ದಾರೆ. ಹೇಗೋ ಬಾಗಿಲು ತೆರೆಯಿತು, ಒಣಗಿದ ಕಲ್ಲುನೆಲದ ಮೇಲೆ ಕಾಶವ್ವ ಹೆಣ್ಣು ಹೆತ್ತಳು.

ಸನ್ನಿ ಬರುವ ದಿನಗಳು ಇನ್ನೂ ಕಳೆದಿರಲಿಲ್ಲ. ಅಷ್ಟರಲ್ಲಿ ಮಾಮಲೇದಾರ ಕುದುರೆ ಏರಿ ಬಂದೇಬಿಟ್ಟ. ಕೆಸರಿನಲ್ಲಿ ಅವನ ರುಮಾಲು ಕೂಡ ಕಪ್ಪಾಗಿತ್ತಂತೆ. ಬಂಗಲೆಯ ಮೆಟ್ಟಿಲ ಮೇಲೆ ಫಕೀರವ್ವ ಕಾಲು ಚಾಚಿ ಕೂತಿದ್ದಳು. ಮಗಳನ್ನು ಈಗ ಎಬ್ಬಿಸಿ ಆ ಹಸಿ ಮೂಲೆಗೆ ಒಯ್ದರೆ ಅವಳು ಉಳಿಯುವುದಿಲ್ಲ ಎಂದು ಆ ತಾಯಿಗೆ ಗೊತ್ತಿತ್ತು. ಆದರೂ ಎದ್ದು ಕೈಮುಗಿಯಲಿಲ್ಲ.

"ಬರ್ರಿ ಸಾಹೇಬ್ರ, ಒಳಗ ಬರ್ರಿ. ಪುರುಡ ಐತಿ."

ಸಾಹೇಬ ಎತ್ತಿದ ಕಾಲು ಎತ್ತಿದಂತೆಯೇ ನಿಂತಿತಂತೆ. ಇದನ್ನು ಬಿಡಿಸಿ ಹೇಳಬೇಕು: ಪುರುಡಿನ ಮನೆಗೆ ಮಡಿವಂತ ಕಾಲಿಡುವಂತಿಲ್ಲ, ಅಲ್ಲಿ ಉಣ್ಣುವಂತಿಲ್ಲ, ಮಲಗುವಂತಿಲ್ಲ. ಹೆಂಗಸರನ್ನು ದನದ ಮೂಲೆಗೆ ತಳ್ಳಿದ್ದ ಆ ಕಟ್ಟಳೆಯೇ ಈಗ ಸಾಹೇಬನಿಗೆ ಅಡ್ಡ ನಿಂತಿತು. ಇವಳನ್ನು ಎಳೆದು ಹಾಕು ಎಂದು ತಳವಾರನಿಗೆ ಹೇಳಿದ. ಭರಮಪ್ಪ ತಲೆ ತಗ್ಗಿಸಿದ. "ನಾನೂ ಆಕಿ ಕೈಯಾಗ ಹುಟ್ಟಿದಾಂವರೀ," ಎಂದು ಕದಲದೆ ನಿಂತ.

ಪುರುಡು ಕಳೆಯುವವರೆಗೆ ಕಾಯುತ್ತೇನೆ ಎಂದು ಸಾಹೇಬ ಹಟ ಹಿಡಿದನಂತೆ. ಊರವರು ಬಹಳ ಮರ್ಯಾದೆಯಿಂದ ಅವನಿಗೆ ಒಂದು ಜಾಗ ತೋರಿಸಿದರು, ದನ ಕಟ್ಟುವ ಮೂಲೆ. ಗಂಜಲದ ವಾಸನೆ, ಸೊಳ್ಳೆ, ಮೈಗೆ ಅಂಟುವ ಹಸಿ. ಕಾಶವ್ವ ಎದ್ದು ಪುರುಡು ಕಳೆಯುವ ನೀರು ಹಾಕಿಕೊಳ್ಳುವ ಹೊತ್ತಿಗೆ ಇನ್ನೊಬ್ಬಳು ನೋವು ತಿನ್ನುತ್ತ ದಿಬ್ಬ ಹತ್ತಿದಳು. ಅವಳ ಹಿಂದೆ ಮತ್ತೊಬ್ಬಳು. "ಇದು ಯಾವಾಗ ಮುಗೀತದ?" ಎಂದು ಸಾಹೇಬ ಚೀರಿದನಂತೆ. "ಗಂಡಸ್ರನ್ನ ಕೇಳ್ರಿ," ಎಂದಳಂತೆ ಫಕೀರವ್ವ.

ಒಬ್ಬ ಸೂಲಗಿತ್ತಿ ತನ್ನನ್ನು ಬಾಗಿಲಲ್ಲೇ ತಡೆದಳು ಎಂದು ಮೇಲಿನವರಿಗೆ ತಿಳಿಸಲು ಅವನಿಗೆ ನಾಚಿಕೆ. ಹಾಗಾಗಿ, ಬಡ ಹೆಂಗಸರ ಮೇಲಿನ ಕರುಣೆಯಿಂದ ಬಂಗಲೆಯನ್ನು ನಾನೇ ಹೆರಿಗೆಮನೆ ಮಾಡಿದೆ, ಸುಣ್ಣದ ಮಂಜೂರಿ ಇನ್ನು ಇದಕ್ಕೇ ಸಲ್ಲಲಿ ಎಂದು ವರದಿ ಮಾಡಿದನಂತೆ. ತನ್ನ ಹೆಸರಿನ ಕಲ್ಲನ್ನೂ ನೆಡಿಸಿದ. "ನೆಡಲಿ ಬಿಡ್ರಿ, ಅರಿವಿ ಒಗ್ಯಾಕ ಕಲ್ಲು ಬೇಕಾಗಿತ್ತು," ಎಂದಳಂತೆ ಅವಳು. ಆ ಕಲ್ಲು ಒಗೆತಕ್ಕೆ ಸವೆದು, ಈಗ ಹೆಸರು ಕಾಣುವುದಿಲ್ಲ.

ಆ ಊರಲ್ಲಿ ಇವತ್ತಿಗೂ ಒಂದು ನಡಾವಳಿ ಇದೆ. ಹೆರಿಗೆಮನೆಯ ಮಂಜೂರಿ ಬರುವ ಕಾಲಕ್ಕೆ, ಅದನ್ನು ಕೇಳಿ ತರಲು, ಎಲ್ಲರಿಗಿಂತ ಕಡೆಗೆ ಹಡೆದವಳು ಕೂಸನ್ನು ಎತ್ತಿಕೊಂಡು ತಾಲ್ಲೂಕಿನ ಕಚೇರಿಗೆ ಹೋಗುತ್ತಾಳೆ. ಕುರ್ಚಿ ಕೊಟ್ಟರೂ ಕೂರುವುದಿಲ್ಲ. ನಾಳೆ ಬಾ ಎಂದರೆ ಅಲ್ಲೇ ಕೂಸಿಗೆ ಹಾಲೂಡುತ್ತ ನಿಲ್ಲುತ್ತಾಳೆ. ನೀನು ಯಾರಮ್ಮ, ಯಾರ ಮನೆಯವಳು ಎಂದು ಕೇಳುತ್ತಾರೆ. ಯಾವ ಜಾತಿಯವಳಾಗಿರಲಿ, ಯಾವ ಓಣಿಯವಳಾಗಿರಲಿ, ಹೇಳುವುದು ಒಂದೇ ಮಾತು:

"ನಾ ಫಕೀರವ್ವನ ಮಗಳ್ರೀ."