ಯಂತ್ರದ ಕೋಣೆಗೆ ಕಾವಲು

"ಅನುಮಾನ ಪಡುವವನೇ ಅಲ್ಲವೇ ಗುರುಗಳೇ, ಎಚ್ಚರವಾಗಿರುವವನು?" ಎಂದು ಶಿಷ್ಯ ಕೇಳಿದ. ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಸುವರ್ಣಾ, ಬಸವಂತ ಎಂಬ ಅಕ್ಕ ತಮ್ಮ ಇದ್ದರು. ಮನೆಮನೆಗೆ ಬ್ರಾಡ್‌ಬ್ಯಾಂಡ್ ಕೊಡುವುದು ಅವರ ಕಸುಬು. ಊರಿನ ತಂತಿಗಳೆಲ್ಲ ಅವರ ಮನೆಯ ಹಿಂದಿನ ಕೋಣೆಯ ಒಂದು ಯಂತ್ರಕ್ಕೆ ಬಂದು ಸೇರುತ್ತಿದ್ದವು. ಆ ಯಂತ್ರದೊಳಗೆ ಹೋಗಿ ಸರಿಪಡಿಸುವ ಅಧಿಕಾರ ಇಬ್ಬರಿಗೂ ಇತ್ತು. ಅದಕ್ಕೆ ಏನಾದರೂ ಆದರೆ ಇಬ್ಬರ ಫೋನಿಗೂ ಎಚ್ಚರಿಕೆ ಬರುತ್ತಿತ್ತು.

ಹೀಗಿರುವಾಗ ಕೆಲವು ಮನೆಯವರು ಇವರನ್ನು ಬಿಟ್ಟು ಬೇರೆ ಕಂಪನಿಗೆ ಹೋದರು. ಆ ಕಂಪನಿಯವನ ಜೊತೆ ಅಕ್ಕ ನಗುತ್ತಾ ಮಾತಾಡಿದ್ದನ್ನು ಬಸವಂತ ನೋಡಿದ್ದ. ಗಿರಾಕಿಗಳ ವಿವರವನ್ನು ಅವಳೇ ಯಂತ್ರದಿಂದ ತೆಗೆದು ಕೊಟ್ಟಿರಬೇಕು ಎಂದುಕೊಂಡ. ಅವಳನ್ನು ಕೇಳಲಿಲ್ಲ. ಪಾಸ್‌ವರ್ಡ್ ಬದಲಿಸಿದ. ತನ್ನ ಕಂಪ್ಯೂಟರ್ ಒಂದನ್ನು ಬಿಟ್ಟು ಬೇರೆ ಯಾವುದಕ್ಕೂ ಯಂತ್ರದೊಳಗೆ ಪ್ರವೇಶ ಇಲ್ಲದಂತೆ ಮಾಡಿದ. ಯಾರಾದರೂ ಒಳಗೆ ಬರಲು ನೋಡಿದರೆ ತನ್ನ ಫೋನಿಗೆ ಮಾತ್ರ ಸುದ್ದಿ ಬರುವಂತೆ ಮಾಡಿದ. ಫ್ಯಾನು, ಬಿಸಿ, ಕರೆಂಟು ಎಂಬ ಎಚ್ಚರಿಕೆಗಳ ಗದ್ದಲದಲ್ಲಿ ಕಳ್ಳನ ಸುದ್ದಿ ಕಣ್ತಪ್ಪೀತೆಂದು ಅವನ್ನೆಲ್ಲ ನಿಲ್ಲಿಸಿಬಿಟ್ಟ.

ಅಂದೇ ಫೋನು ಸದ್ದು ಮಾಡಿತು. ಯಾರೋ ಒಳಗೆ ಬರಲು ನೋಡಿದ್ದರು. ಸ್ವಲ್ಪ ಹೊತ್ತಿಗೆ ಮತ್ತೆ. ಆಮೇಲೆ ಮತ್ತೆ. ಬಸವಂತನಿಗೆ ಊಟ ಸೇರದಾಯಿತು. ಅಕ್ಕ ಫೋನು ಕೈಗೆತ್ತಿಕೊಂಡರೆ ಸಾಕು, ಅವಳ ಬೆರಳುಗಳನ್ನೇ ನೋಡುತ್ತಿದ್ದ.

ಕೊನೆಗೆ "ನಿನ್ನ ಕೆಲಸ ಗೊತ್ತಾಗಿದೆ, ಹೊರಡು" ಎಂದ. ಸುವರ್ಣಾ ತಮ್ಮನ ಮುಖ ನೋಡಿದಳು. ಬಟ್ಟೆಬರೆ ಕಟ್ಟಿಕೊಂಡು ಹೊರಟು, ಹಿಂದಿನ ಓಣಿಯಲ್ಲಿ ಬೇರೆ ಮನೆ ಮಾಡಿಕೊಂಡಳು.

ಅವಳು ಹೋದ ಮೇಲೂ ಫೋನಿನ ಸದ್ದು ನಿಲ್ಲಲಿಲ್ಲ. ಹೊರಗಿನಿಂದಲೂ ಕೈಹಾಕುತ್ತಿದ್ದಾಳೆ ಎಂದುಕೊಂಡು ಬಸವಂತ ಮುಂಬಾಗಿಲಿಗೆ ಅಗುಳಿ ಹಾಕಿ, ಫೋನನ್ನೇ ನೋಡುತ್ತ ಕುಳಿತ.

ಒಂದು ಮಧ್ಯಾಹ್ನ ಸುವರ್ಣಾ ಓಡಿಬಂದು ಕದ ಬಡಿದಳು.

"ಬಸೂ, ಕದ ತೆಗಿ! ಹಿಂದಿನ ಕಿಟಕಿಯಲ್ಲಿ ಹೊಗೆ ಬರ್ತಿದೆ."

"ಒಳಗೆ ಬರೋಕೆ ಇದೊಂದು ನೆಪ ಸಿಕ್ಕಿತಾ?" ಎಂದ ಬಸವಂತ, ಕೂತಲ್ಲಿಂದ ಏಳದೆ.

ಅವಳು ಬಡಿಯುತ್ತಲೇ ಇದ್ದಳು. ಸುಟ್ಟ ವಾಸನೆ ತನ್ನ ಮೂಗಿಗೇ ಬಡಿದಾಗ ಅವನು ಎದ್ದು ಕದ ತೆಗೆದ. ಅಷ್ಟರಲ್ಲಿ ಫ್ಯಾನು ನಿಂತ ಯಂತ್ರ ಕಾದು ಕಾದು ಕರಕಲಾಗಿತ್ತು. ಊರಿನ ಎಲ್ಲ ಮನೆಗಳಲ್ಲೂ ನೆಟ್ ನಿಂತುಹೋಗಿತ್ತು.

ಸುವರ್ಣಾಳೇ ಮೇನ್ ಸ್ವಿಚ್ ಆರಿಸಿದಳು. ಆಮೇಲೆ ತಮ್ಮನ ಫೋನು ಇಸಿದುಕೊಂಡು ಒಳಗೆ ಬರಲು ನೋಡಿದ್ದು ಯಾವ ಕಂಪ್ಯೂಟರ್ ಎಂದು ತೋರಿಸುವ ವಿಳಾಸವನ್ನು ಅದರಲ್ಲಿ ನೋಡಿದಳು.

"ಇದು ನಮ್ಮದೇ ಮೂಲೆಯ ಹಳೇ ಕಂಪ್ಯೂಟರ್ ಕಣೋ. ಯಂತ್ರ ಬಿಸಿಯಾಗಿದೆಯಾ ಅಂತ ಆಗಾಗ ಒಳಗೆ ಹೋಗಿ ನೋಡಲಿ ಅಂತ ನೀನೇ ಅಲ್ವಾ ಇಟ್ಟದ್ದು?"

ಬಸವಂತ ಫೋನು ತೆಗೆದುಕೊಂಡು ಆ ವಿಳಾಸವನ್ನು ತಾನೇ ಓದಿದ. ಯಂತ್ರದ ಯೋಗಕ್ಷೇಮ ಕೇಳಲು ಬಂದದ್ದನ್ನೇ ಅವನು ಕಳ್ಳನೆಂದು ಹೊರಗೆ ನಿಲ್ಲಿಸಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಹುಬ್ಬು ಗಂಟಿಕ್ಕಿ ಕೇಳಿದ: "ಅದು ಸರಿ ಗುರುಗಳೇ. ಆದರೆ ಹೊಗೆ ಏಳುವ ಹೊತ್ತಿಗೇ ಸರಿಯಾಗಿ ಅವಳು ಅಲ್ಲಿಗೆ ಹೇಗೆ ಬಂದಳು?"

"ಅವಳಿಗೆ ನೀನೂ ಕದ ತೆಗೆಯಲಿಲ್ಲವಲ್ಲ" ಎಂದರು ಗುರುಗಳು.